ಮರದ ತರಗತಿಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೆಯ ಶಾಲಾ ಆವರಣವನ್ನು ಹೊಸದಾಗಿ ರೂಪಿಸುವುದು ಹೇಗೆ, ಬೇಕಾದಾಗ ಬದಲಾಯಿಸಿಕೊಳ್ಳಬಹುದಾದ ಮರದ ತರಗತಿಗಳನ್ನು ಕಟ್ಟಬಹುದಾ ಅಂತ ಕೇಳಿ ತುಂಬಾ ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಉತ್ತರಗಳನ್ನು ಓದುವಾಗ ಅದು ತಲೆಯಲ್ಲಿರಲಿ. ಕಟ್ಟಡದ ಒಂದು ಭಾಗ ಸುಲಭವಾಗಿ ಬದಲಾಗಬೇಕು ಅಂದರೆ, ಬದಲಾಗದ ಭಾಗವನ್ನು ತುಂಬಾ ಯೋಚಿಸಿ ಕಟ್ಟಬೇಕು. ಪಾಯ, ಕಂಬ, ಮಾಡು, ನೀರು ಹರಿದುಹೋಗುವ ದಾರಿ, ಕಟ್ಟಡಗಳ ನಡುವಿನ ಜಾಗ, ಇವಕ್ಕೆ ದುಡ್ಡು ಮತ್ತು ತಲೆ ಎರಡನ್ನೂ ಖರ್ಚು ಮಾಡಿ. ಉಳಿದದ್ದು ಸರಳವಾಗಿರಲಿ.

ಪ್ರಶ್ನೆ: ನಾನು ಒಂದು ಶಾಲೆಯ ಆಡಳಿತ ಸಮಿತಿಯಲ್ಲಿದ್ದೇನೆ. ನಮ್ಮದು ಉದ್ದ ಸಾಲಿನ ಹಳೆಯ ಕಾಂಕ್ರೀಟ್ ಕೊಠಡಿಗಳು. ಎಲ್ಲವನ್ನೂ ಕೆಡವಿ ಮರದ ಕಟ್ಟಡ ಕಟ್ಟೋಣ ಅಂತ ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕೆಡವುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ನಿಮ್ಮ ಆವರಣದ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಗೋಡೆಗೆ ಅಂಟಿಸಿ. ಬಿಡುವಿನಲ್ಲಿ ಎಲ್ಲಿರುತ್ತೀರಿ, ಯಾವ ಕೊಠಡಿಯಲ್ಲಿ ಮಧ್ಯಾಹ್ನ ಕೂರಲು ಆಗುವುದಿಲ್ಲ, ಯಾವ ಮೂಲೆಗೆ ಹೋಗಲು ಭಯ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ಇದನ್ನೆಲ್ಲ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಲು ಹೇಳಿ. ಶಿಕ್ಷಕರಿಗೂ ಆಯಾಗಳಿಗೂ ಅದೇ ಕೆಲಸ ಕೊಡಿ. ಜೊತೆಗೆ ಒಂದು ವಾರದ ವೇಳಾಪಟ್ಟಿ ಹಿಡಿದು ಯಾವ ಕೊಠಡಿ ದಿನಕ್ಕೆ ಎಷ್ಟು ಹೊತ್ತು ಖಾಲಿ ಇರುತ್ತದೆ ಅಂತ ಲೆಕ್ಕ ಹಾಕಿ. ಹೊಸ ಕೊಠಡಿ ಬೇಕೇ ಬೇಕು ಅಂದುಕೊಂಡಿದ್ದ ಕಡೆ, ಇರುವ ಕೊಠಡಿಯನ್ನು ಸರಿಯಾಗಿ ಬಳಸಿದರೆ ಸಾಕಾಗುತ್ತದೆ ಅಂತ ಗೊತ್ತಾಗಬಹುದು.

ಆಮೇಲೆ ಇಂಜಿನಿಯರ್ ಕರೆಸಿ ಹಳೆಯ ಕಟ್ಟಡದ ಕಂಬ-ತೊಲೆಗಳನ್ನು ಪರೀಕ್ಷೆ ಮಾಡಿಸಿ. ಗಟ್ಟಿಯಾಗಿದ್ದರೆ ಉಳಿಸಿಕೊಳ್ಳಿ. ಹಳೆಯ ಚೌಕಟ್ಟನ್ನು ಇಟ್ಟುಕೊಂಡು ಒಳಗಿನ ಗೋಡೆಗಳನ್ನು ಮಾತ್ರ ತೆಗೆದು, ಮುಂದೆ ಅಗಲವಾದ ಮರದ ಜಗುಲಿ ಸೇರಿಸಿದರೂ ಶಾಲೆಯ ಸ್ವರೂಪವೇ ಬದಲಾಗುತ್ತದೆ. ಕಾಂಕ್ರೀಟ್ ಕಟ್ಟಡದ ಮೇಲೆ ಇನ್ನೊಂದು ಮಹಡಿ ಬೇಕಿದ್ದರೂ ಮರ ಸಹಾಯಕ್ಕೆ ಬರುತ್ತದೆ. ಕಾಂಕ್ರೀಟ್ ಒಂದು ಘನ ಮೀಟರ್‌ಗೆ ಸುಮಾರು 2,400 ಕಿಲೋ ತೂಗಿದರೆ, ಕಟ್ಟಡಕ್ಕೆ ಬಳಸುವ ಪೈನ್, ಸ್ಪ್ರೂಸ್ ತರಹದ ಮರ 450ರಿಂದ 500 ಕಿಲೋ ಅಷ್ಟೇ. ಹಳೆಯ ಪಾಯಕ್ಕೆ ಅಷ್ಟು ಭಾರ ಕಡಿಮೆ.

ಹೊಸ ಕಟ್ಟಡ ಬರುವ ಕಡೆ ದಿಕ್ಕು ನೋಡಿ. ಉದ್ದನೆಯ ಗೋಡೆಗಳು, ದೊಡ್ಡ ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಲಿ. ಪೂರ್ವ-ಪಶ್ಚಿಮದ ಬಿಸಿಲು ಕೆಳಮಟ್ಟದಲ್ಲಿ ಬರುವುದರಿಂದ ಅದನ್ನು ಸಜ್ಜಾದಿಂದ ತಡೆಯುವುದು ಕಷ್ಟ. ಇನ್ನೊಂದು ಮುಖ್ಯ ವಿಷಯ, ಕಟ್ಟಡಗಳ ನಡುವೆ ಉಳಿಯುವ ಜಾಗವನ್ನೂ ಕೊಠಡಿ ಅಂತಲೇ ಭಾವಿಸಿ ವಿನ್ಯಾಸ ಮಾಡಿಸಿ. ಡೆನ್ಮಾರ್ಕಿನ ಕೋಪನ್‌ಹೇಗನ್ ಹತ್ತಿರ ಆರ್ನೆ ಯಾಕೋಬ್‌ಸನ್ ವಿನ್ಯಾಸ ಮಾಡಿದ ಮುಂಕೆಗೋರ್ ಶಾಲೆ 1957ರಲ್ಲಿ ಮುಗಿಯಿತು. ತಗ್ಗಾದ ಕಟ್ಟಡಗಳು, ತರಗತಿಗಳ ಪಕ್ಕದಲ್ಲೇ ಚಿಕ್ಕ ಚಿಕ್ಕ ಅಂಗಳಗಳು. ಅದು ಇಟ್ಟಿಗೆಯ ಶಾಲೆ, ಆದರೂ ನಿಮ್ಮ ಸಮಿತಿಯವರಿಗೆ ಅದರ ನಕ್ಷೆ ತೋರಿಸಿ. ಪಾಠ ಮಾಡುವ ಜಾಗ ಗೋಡೆಯ ಹತ್ತಿರ ಮುಗಿಯಬೇಕಿಲ್ಲ ಅನ್ನುವುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಪ್ರಶ್ನೆ: ತರಗತಿಗಳ ನಡುವೆ ಮಡಚುವ ಗೋಡೆ ಹಾಕಿಸಿದರೆ ಬೇಕಾದಾಗ ಎರಡು ಕೊಠಡಿ ಒಂದಾಗುತ್ತದೆ ಅಂತ ನಮ್ಮ ಆರ್ಕಿಟೆಕ್ಟ್ ಹೇಳುತ್ತಾರೆ. ಬದಲಾಗುವ ತರಗತಿ ಅಂದರೆ ಇದೇನಾ? ಮರದಲ್ಲಿ ಕಟ್ಟಿದರೆ ಏನು ವ್ಯತ್ಯಾಸ?

ಉತ್ತರ: ಮಡಚುವ ಗೋಡೆಯ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಸದ್ದು ತಡೆಯುವಷ್ಟು ಒಳ್ಳೆಯದು ಬೇಕು ಅಂದರೆ ಅದು ಭಾರವಾಗಿರಬೇಕು, ಮೇಲೆ ಕೆಳಗೆ ರಬ್ಬರ್ ಸೀಲ್ ಬಿಗಿಯಾಗಿ ಕೂರಬೇಕು. ಅಂಥದ್ದನ್ನು ಎರಡು ಪೀರಿಯಡ್ ನಡುವಿನ ಐದು ನಿಮಿಷದಲ್ಲಿ ಒಬ್ಬ ಟೀಚರ್ ಎಳೆದು ಸರಿಸಲು ಆಗುವುದಿಲ್ಲ. ಕೆಲವು ವರ್ಷದಲ್ಲಿ ಸೀಲ್ ಸವೆಯುತ್ತದೆ, ಹಳಿಗೆ ಕಸ ಸೇರುತ್ತದೆ. ಆಮೇಲೆ ಅದು ಮಡಚಲಾಗದ ಗೋಡೆಯಾಗಿ, ಆದರೆ ಪಕ್ಕದ ಪಾಠವೆಲ್ಲ ಕೇಳಿಸುವ ಗೋಡೆಯಾಗಿ ಉಳಿಯುತ್ತದೆ. ಸಭಾಂಗಣಕ್ಕೆ ಒಂದು ಹಾಕಿಸಿ, ಸಾಕು.

ಗೋಡೆಯೇ ಬೇಡ ಅನ್ನುವ ಪ್ರಯೋಗವೂ ಆಗಿಹೋಗಿದೆ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕ, ಬ್ರಿಟನ್ ಮುಂತಾದ ಕಡೆ ಗೋಡೆಗಳಿಲ್ಲದ ದೊಡ್ಡ ದೊಡ್ಡ ಹಾಲ್‌ಗಳ ಶಾಲೆಗಳನ್ನು ಕಟ್ಟಿದರು. ಸದ್ದು ತಡೆಯಲಾಗದೆ ಎಷ್ಟೋ ಕಡೆ ಶಿಕ್ಷಕರು ಬೀರು, ಪುಸ್ತಕದ ಕಪಾಟುಗಳನ್ನೇ ಅಡ್ಡ ಇಟ್ಟುಕೊಂಡರು, ಆಮೇಲೆ ಗೋಡೆಗಳೇ ಬಂದವು.

ನನ್ನ ಪ್ರಕಾರ ಬದಲಾವಣೆಯಲ್ಲಿ ದಿನದೊಳಗೆ ಆಗುವುದು ಬೇರೆ, ವರ್ಷಕ್ಕೊಮ್ಮೆ ಆಗುವುದು ಬೇರೆ. ದಿನದೊಳಗಿನದ್ದಕ್ಕೆ ಮಗು ತಾನೇ ಎತ್ತಿಡಬಹುದಾದ ಹಗುರ ಮೇಜು, ಹೊರಗಿನ ಜಗುಲಿಗೆ ಅಗಲವಾದ ಬಾಗಿಲು, ಕೊಠಡಿಯ ಆಕಾರ, ಇಷ್ಟು ಬೇಕು. ಆಕಾರ ಅಂದೆನಲ್ಲ, ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹರ್ಮನ್ ಹರ್ಟ್ಸ್‌ಬರ್ಗರ್ ಕಟ್ಟಿದ ಮಾಂಟೆಸ್ಸೊರಿ ಶಾಲೆಯನ್ನು ನೋಡಿ. 1966ರಲ್ಲಿ ಮುಗಿದ ಆ ಶಾಲೆಯ ತರಗತಿಗಳು ಚೌಕವಲ್ಲ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದವು. ಒಂದು ಕಡೆ ಕೆಲವರು ಬಣ್ಣ ಹಚ್ಚುತ್ತಾ ಮಣ್ಣು ಕಲಸುತ್ತಾ ಇದ್ದರೆ, ಎಲ್ ತಿರುಗುವ ಮೂಲೆಯ ಆಚೆ ಇನ್ನು ಕೆಲವರು ಓದುತ್ತಾ ಕೂರಬಹುದು. ಯಾವ ಗೋಡೆಯನ್ನೂ ಸರಿಸಬೇಕಿಲ್ಲ.

ವರ್ಷಕ್ಕೊಮ್ಮೆ ಆಗುವ ಬದಲಾವಣೆಯಲ್ಲಿ ಮರದ ನಿಜವಾದ ಅನುಕೂಲ ಕಾಣುತ್ತದೆ. ಈ ವರ್ಷ ಒಂದನೇ ತರಗತಿಗೆ ಮೂರು ಸೆಕ್ಷನ್, ಮುಂದಿನ ವರ್ಷ ಎರಡೇ. ಎರಡು ಕೊಠಡಿ ಒಡೆದು ಒಂದು ಲ್ಯಾಬ್ ಬೇಕು. ಇಟ್ಟಿಗೆ ಗೋಡೆಯಾದರೆ ಧೂಳು, ಗಾರೆ, ಕ್ಯೂರಿಂಗ್ ಅಂತ ರಜೆಯೆಲ್ಲ ಮುಗಿಯುತ್ತದೆ. ಮರದ ಚೌಕಟ್ಟಿನ ಪಾರ್ಟಿಷನ್ ಆದರೆ ಬಡಗಿಗಳು ಸ್ಕ್ರೂ ಬಿಚ್ಚಿ ಅದೇ ಸಾಮಾನನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ.

ಆದರೆ ಇಲ್ಲೇ ಒಂದು ಎಚ್ಚರಿಕೆ ಬೇಕು. ಈಗ ಮರದ ಶಾಲೆ ಅಂದರೆ ಬಹಳ ಕಡೆ ಸಿಎಲ್‌ಟಿ ಫಲಕಗಳನ್ನು ಬಳಸುತ್ತಾರೆ. ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಮುಂದಿನ ಪದರ ಅಡ್ಡಕ್ಕೆ ಇಟ್ಟು ಮೂರು, ಐದು ಅಥವಾ ಏಳು ಪದರ ಅಂಟಿಸಿ ಮಾಡುವ ದಪ್ಪ ಫಲಕ ಅದು. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ಬೆಳೆಯಿತು. 2010ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಓಪನ್ ಅಕಾಡೆಮಿ ಅನ್ನುವ ಇಡೀ ಶಾಲೆಯನ್ನೇ ಇದರಲ್ಲಿ ಕಟ್ಟಿದರು. ಬಹಳ ಗಟ್ಟಿ, ನಿಲ್ಲಿಸುವುದೂ ಬೇಗ. ಆದರೆ ಪ್ರತಿ ಎರಡು ತರಗತಿಗಳ ನಡುವಿನ ಗೋಡೆಯನ್ನೂ ಭಾರ ಹೊರುವ ಸಿಎಲ್‌ಟಿಯಲ್ಲೇ ಮಾಡಿಬಿಟ್ಟರೆ, ಮರದಲ್ಲಿ ಕಟ್ಟಿಯೂ ಕೊಠಡಿಗಳಿಗೆ ಬೀಗ ಹಾಕಿದ ಹಾಗೆಯೇ. ಆ ಗೋಡೆಯನ್ನು ನಾಳೆ ತೆಗೆಯಲು ಆಗುವುದಿಲ್ಲ. ಆದ್ದರಿಂದ ಭಾರವನ್ನು ಹೊರಗಿನ ಸಾಲಿನ ಕಂಬಗಳು ಮತ್ತು ಅಂಟಿಸಿದ ಹಲಗೆಗಳ ಗ್ಲೂಲ್ಯಾಮ್ ತೊಲೆಗಳು ಹೊರಲಿ. ತರಗತಿಯ ಅಗಲಕ್ಕೆ ಏಳೆಂಟು ಮೀಟರ್ ನಡುವೆ ಕಂಬವಿಲ್ಲದೆ ದಾಟುವುದು ಇಂಥ ತೊಲೆಗೆ ಕಷ್ಟವಲ್ಲ. ಸಿಎಲ್‌ಟಿಯನ್ನು ಮಾಡಿಗೆ, ಮಹಡಿಯ ನೆಲಕ್ಕೆ, ಮೆಟ್ಟಿಲಿನ ಸುತ್ತಲಿನ ಗೋಡೆಗೆ ಇಟ್ಟುಕೊಳ್ಳಿ. ಗಾಳಿ, ಭೂಕಂಪ ತಡೆಯಲು ಅಡ್ಡ ಬಲ ಬೇಕಲ್ಲ, ಅದನ್ನು ಆ ಮೆಟ್ಟಿಲ ಗೋಡೆಗಳೂ ಕಟ್ಟಡದ ಎರಡು ತುದಿಗಳೂ ಕೊಡಲಿ. ನಡುವಿನ ಪಾರ್ಟಿಷನ್ ಏನನ್ನೂ ಹೊರಬಾರದು.

ಪಾರ್ಟಿಷನ್ ಹೇಗಿರಬೇಕು ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಕೆಳಗೆ ನೆಲಕ್ಕೆ ಸ್ಕ್ರೂ ಮಾಡಿದ ಒಂದು ಪಟ್ಟಿ. ಅದರ ಮೇಲೆ 600 ಮಿಲಿಮೀಟರ್‌ಗೆ ಒಂದರಂತೆ ನೆಟ್ಟಗೆ ನಿಂತ ಮರದ ರೀಪುಗಳು. ಎರಡೂ ಕಡೆ ಎರಡೆರಡು ಪದರ ಬೋರ್ಡ್, ನಡುವೆ ಖನಿಜ ಉಣ್ಣೆ, ಅಂದರೆ ಕಲ್ಲು ಅಥವಾ ಗಾಜಿನ ಎಳೆಗಳ ಹಾಸು. ಮೇಲ್ತುದಿಯಲ್ಲಿ ಸಣ್ಣ ಸಂದು ಬಿಟ್ಟು ಮೆತ್ತನೆಯ ಸೀಲಂಟ್ ತುಂಬಬೇಕು, ಏಕೆಂದರೆ ಮೇಲಿನ ತೊಲೆ ಭಾರಕ್ಕೆ ಕೆಲವು ಮಿಲಿಮೀಟರ್ ಬಾಗುತ್ತದೆ, ಆ ಭಾರ ಪಾರ್ಟಿಷನ್ ಮೇಲೆ ಕೂರಬಾರದು. ಮೊಳೆ ಬೇಡ, ಅಂಟು ಬೇಡ, ಎಲ್ಲ ಸ್ಕ್ರೂ. ಸ್ವಿಚ್, ಪ್ಲಗ್‌ಗಳನ್ನು ಈ ಗೋಡೆಯಲ್ಲಿ ಹೂಳಬೇಡಿ, ವೈರುಗಳು ಹೊರಗೋಡೆಯಲ್ಲೋ ಮೇಲೆ ಕಾಣುವ ಟ್ರೇಯಲ್ಲೋ ಓಡಲಿ. ಎರಡು ಕಂಬಗಳ ನಡುವಿನ ಪ್ರತಿ ಅಂಕಣಕ್ಕೂ ಅದರದ್ದೇ ಕಿಟಕಿ, ದೀಪ, ಫ್ಯಾನ್ ಇರಬೇಕು, ಆದಷ್ಟು ಕಡೆ ಹೊರಬಾಗಿಲೂ ಇರಬೇಕು. ಆಗ ಗೋಡೆ ಯಾವ ಕಂಬದ ಸಾಲಿಗೆ ಬಂದರೂ ಎರಡೂ ಕಡೆ ಪೂರ್ತಿ ಕೊಠಡಿಯೇ ಆಗುತ್ತದೆ. ಇದೊಂದನ್ನು ಮರೆತರೆ ಗೋಡೆ ಸರಿಸಿದ ಮೇಲೆ ಒಂದು ಕೊಠಡಿಗೆ ಮೂರು ಫ್ಯಾನ್, ಇನ್ನೊಂದಕ್ಕೆ ಒಂದೂ ಇಲ್ಲ ಅನ್ನುವ ಹಾಗಾಗುತ್ತದೆ.

ಪ್ರಶ್ನೆ: ನನ್ನ ಮಗಳು ಎರಡನೇ ತರಗತಿ. ಮರದ ಕಟ್ಟಡ ಅಂದ ಕೂಡಲೇ ನನಗೆ ಬೆಂಕಿಯ ಯೋಚನೆ. ಇದು ಅತಿಯಾಯಿತಾ?

ಉತ್ತರ: ಖಂಡಿತ ಅತಿಯಲ್ಲ. ಈ ಪ್ರಶ್ನೆಯನ್ನು ಶಾಲೆಯವರಿಗೆ ಬರವಣಿಗೆಯಲ್ಲೇ ಕೇಳಿ.

ದಪ್ಪ ಮರ ಮತ್ತು ತೆಳು ಮರ ಬೆಂಕಿಯಲ್ಲಿ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ದಪ್ಪ ತೊಲೆಯ ಹೊರಮೈ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲಿನ ಪದರವೇ ಒಳಗಿನ ಮರಕ್ಕೆ ಕಾವು ತಾಗದಂತೆ ತಡೆಯುತ್ತದೆ. ಪೈನ್, ಸ್ಪ್ರೂಸ್ ಜಾತಿಯ ಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್‌ನಂತೆ ಸುಡುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅಂದರೆ ಅರ್ಧ ಗಂಟೆಗೆ 20, ಒಂದು ಗಂಟೆಗೆ 40 ಮಿಲಿಮೀಟರ್ ಹತ್ತಿರ. ಅಷ್ಟು ಸುಟ್ಟುಹೋದ ಮೇಲೂ ಭಾರ ಹೊರುವಷ್ಟು ದಪ್ಪವನ್ನು ಇಂಜಿನಿಯರ್ ಮೊದಲೇ ಸೇರಿಸಿರುತ್ತಾರೆ. ರಕ್ಷಣೆಯಿಲ್ಲದ ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಮರದ ಕಟ್ಟಡದಲ್ಲೂ ಕೀಲುಗಳಲ್ಲಿನ ಉಕ್ಕಿನ ಪ್ಲೇಟು, ಬೋಲ್ಟುಗಳೇ ದುರ್ಬಲ ಜಾಗ. ಅವುಗಳನ್ನು ಮರದ ಒಳಗೆ ಹುದುಗಿಸಿ ಮುಚ್ಚಿದ್ದಾರಾ ಅಂತ ಕೇಳಿ.

ಇನ್ನು ಕೆಲವು ಪ್ರಶ್ನೆ ಕೇಳಬೇಕು. ಸಿಎಲ್‌ಟಿಗೆ ಬಳಸಿದ ಅಂಟು ಬೆಂಕಿಯ ಪರೀಕ್ಷೆಯಲ್ಲಿ ಪಾಸಾಗಿದೆಯಾ? ಕೆಲವು ಅಂಟುಗಳು ಕಾವಿಗೆ ಸಡಿಲವಾಗಿ ಸುಟ್ಟ ಪದರ ಕಳಚಿ ಬೀಳುತ್ತದೆ, ಆಗ ಒಳಗಿನ ಹೊಸ ಮರಕ್ಕೆ ಬೆಂಕಿ ಹತ್ತುತ್ತದೆ. ಗೋಡೆ, ಚಾವಣಿ, ನೆಲ ಎಲ್ಲ ಕಡೆ ಮರವನ್ನು ಬರಿದಾಗಿ ಬಿಟ್ಟಿದ್ದಾರಾ? ಚಾವಣಿಯಲ್ಲಿ ಮರ ಕಾಣಲಿ, ಗೋಡೆಗಳಿಗೆ ಜಿಪ್ಸಮ್ ಬೋರ್ಡ್ ಇರಲಿ ಅನ್ನುವುದು ನನ್ನ ಸಲಹೆ. ಹೊರಗಿನ ಹಲಗೆಯ ಹಿಂದಿನ ಗಾಳಿಸಂದಿನಲ್ಲಿ ಬೆಂಕಿ ಮೇಲಕ್ಕೆ ಏರದಂತೆ ಅಲ್ಲಲ್ಲಿ ತಡೆ ಹಾಕಿದ್ದಾರಾ? "ಬೆಂಕಿ ನಿರೋಧಕ ವಾರ್ನಿಷ್ ಹೊಡೆಸಿದ್ದೇವೆ" ಅನ್ನುವ ಉತ್ತರ ಬಂದರೆ ಒಪ್ಪಬೇಡಿ. ಅದು ಮೇಲ್ಮೈಯಲ್ಲಿ ಜ್ವಾಲೆ ಹರಡುವುದನ್ನು ನಿಧಾನ ಮಾಡುತ್ತದೆ, ಕಟ್ಟಡವನ್ನು ಎತ್ತಿ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಮಕ್ಕಳು ಹೊರಬರುವ ದಾರಿ. ಚಿಕ್ಕ ಮಕ್ಕಳ ತರಗತಿಗಳು ನೆಲಮಟ್ಟದಲ್ಲೇ ಇರಲಿ, ಪ್ರತಿಯೊಂದಕ್ಕೂ ನೇರ ಹೊರಗೆ ತೆರೆಯುವ ಬಾಗಿಲಿರಲಿ. ಮಹಡಿಯಿದ್ದರೆ ದೂರ ದೂರದಲ್ಲಿ ಎರಡು ಮೆಟ್ಟಿಲು ಬೇಕು. ಇದು ಮರಕ್ಕೆ ಮಾತ್ರ ಅಲ್ಲ, ಯಾವ ಶಾಲೆಗಾದರೂ ಸರಿ.

ಪ್ರಶ್ನೆ: ನಾನು ಪಾಠ ಮಾಡುತ್ತಿದ್ದ ಕಟ್ಟಡದಲ್ಲಿ ಮೇಲಿನ ಮಹಡಿಯದ್ದು ಮರದ ನೆಲ. ಮಕ್ಕಳು ಓಡಾಡಿದರೆ ಕೆಳಗೆ ಮಾತು ಕೇಳುತ್ತಿರಲಿಲ್ಲ. ಹೊಸ ಕಟ್ಟಡಗಳಲ್ಲೂ ಹೀಗೇನಾ?

ಉತ್ತರ: ಸರಿಯಾಗಿ ಮಾಡದಿದ್ದರೆ ಹೊಸದರಲ್ಲೂ ಹೀಗೇ. ಮರ ಹಗುರ ಅಂತ ಮೇಲೆ ಹೊಗಳಿದೆ, ಸದ್ದಿನ ವಿಷಯಕ್ಕೆ ಬಂದರೆ ಅದೇ ಅದರ ದೊಡ್ಡ ಕೊರತೆ. ಹೆಜ್ಜೆ ಸದ್ದು ತಡೆಯಲು ತೂಕ ಬೇಕು. ಮರದ ಫಲಕದ ಮೇಲೆ ಮೆತ್ತನೆಯ ಮ್ಯಾಟ್, ಅದರ ಮೇಲೆ 50 ಮಿಲಿಮೀಟರ್ ಆಸುಪಾಸಿನ ಗಾರೆಯ ಪದರ, ಕೆಳಗೆ ಸ್ಪ್ರಿಂಗ್ ಅಥವಾ ರಬ್ಬರ್ ಕೊಕ್ಕೆಗಳಿಂದ ಇಳಿಬಿಟ್ಟ ಸೀಲಿಂಗ್, ಇಷ್ಟು ಇದ್ದರೆ ಬಹಳ ಮಟ್ಟಿಗೆ ಪರಿಹಾರವಾಗುತ್ತದೆ. ಜಾಗ ಇದ್ದರೆ ಒಂದೇ ಅಂತಸ್ತಿನಲ್ಲಿ ಕಟ್ಟಿ ಅನ್ನುತ್ತೇನೆ. ಮಹಡಿ ಬೇಕೇ ಬೇಕು ಅಂದರೆ ಮೇಲೆ ಲೈಬ್ರರಿ, ಸ್ಟಾಫ್ ರೂಮ್ ಇರಲಿ.

ಪಕ್ಕದ ಕೊಠಡಿಯ ಸದ್ದು ಇನ್ನೊಂದು ಸಮಸ್ಯೆ. ಪಾರ್ಟಿಷನ್ ಎಷ್ಟು ಚೆನ್ನಾಗಿದ್ದರೂ ಅದರ ಕೆಳಗೆ ನೆಲದ ಫಲಕ ಒಂದೇ ಹಾಸಾಗಿ ಓಡಿದ್ದರೆ ಸದ್ದು ಅದರ ಮೂಲಕ ಆಚೆಗೆ ದಾಟುತ್ತದೆ. ಅದಕ್ಕೆ ಗೋಡೆ ಎಲ್ಲಿ ಬೇಕಾದರೂ ಬರಬಹುದು ಅಂತ ಬಿಡಬೇಡಿ. ಮೂರೋ ನಾಲ್ಕೋ ಸಾಲುಗಳನ್ನು ಮೊದಲೇ ಗೊತ್ತು ಮಾಡಿ, ಆ ಸಾಲುಗಳಲ್ಲಿ ಮಾತ್ರ ಗಾರೆಯ ಪದರವನ್ನೂ ಕೆಳಗಿನ ಫಲಕವನ್ನೂ ಸೀಳಿ ಬೇರ್ಪಡಿಸಿ. ಬದಲಾವಣೆಯ ಸ್ವಾತಂತ್ರ್ಯ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಪಾಠ ಕೇಳಿಸುತ್ತದೆ.

ತರಗತಿಯೊಳಗೆ ಹೊರಗಿನ ಸದ್ದು 35 ಡೆಸಿಬೆಲ್ ದಾಟಬಾರದು, ಪ್ರತಿಧ್ವನಿ ಸುಮಾರು 0.6 ಸೆಕೆಂಡಿನಲ್ಲಿ ಅಡಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬರಿಯ ನುಣುಪಾದ ಮರದ ಚಾವಣಿ ಸದ್ದನ್ನು ಹಿಂದಕ್ಕೆ ಎಸೆಯುತ್ತದೆ. ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿ ಹಿಂದೆ ಉಣ್ಣೆಯ ಹಾಸು ಇಟ್ಟರೆ ನೋಡಲೂ ಚೆಂದ, ಕೇಳಲೂ ಹಿತ. ಇದು ಸುಮ್ನೆ ಸೌಕರ್ಯದ ಮಾತಲ್ಲ. ಕಿವಿ ಸ್ವಲ್ಪ ಮಂದ ಇರುವ ಮಗು, ಮನೆಯಲ್ಲಿ ಆಡದ ಭಾಷೆಯಲ್ಲಿ ಪಾಠ ಕೇಳುವ ಮಗು, ಇವರಿಗೆ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳಬೇಕು. ನಿಮ್ಮ ಗಂಟಲೂ ನಿವೃತ್ತಿಯ ತನಕ ಬರಬೇಕು ಅಲ್ವಾ ಮೇಡಂ?

ಪ್ರಶ್ನೆ: ಮಳೆ, ಗೆದ್ದಲು. ಎಷ್ಟು ವರ್ಷ ಬಾಳುತ್ತದೆ?

ಉತ್ತರ: ಜಪಾನಿನ ನಾರಾ ಹತ್ತಿರದ ಹೋರ್ಯೂಜಿ ದೇವಾಲಯದ ಮರದ ಕಟ್ಟಡಗಳು ಸುಮಾರು 1,300 ವರ್ಷದಿಂದ ನಿಂತಿವೆ. ಹಾಗೆಯೇ ಮೂರೇ ಮಳೆಗಾಲಕ್ಕೆ ಕೊಳೆತ ಮರದ ಕಂಬವನ್ನು ನೀವೂ ನೋಡಿರುತ್ತೀರಿ. ಆಯುಸ್ಸು ಮರದ ಜಾತಿಗಿಂತ ಜಾಸ್ತಿ ನೀರಿನ ಲೆಕ್ಕದ ಮೇಲೆ ನಿಂತಿದೆ. ಮರದಲ್ಲಿ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಒದ್ದೆಯಾದರೂ ಒಣಗಲು ದಾರಿ ಇದ್ದರೆ ತೊಂದರೆ ಇಲ್ಲ. ನೀರು ಒಳಗೆ ಹೋಗಿ ಹೊರಗೆ ಬರಲಾಗದ ಕಡೆಯೇ ಕೊಳೆತ ಶುರುವಾಗುವುದು.

ಕಂಬದ ಬುಡ ನೋಡಿ. ಮರದ ಕೊಯ್ದ ತುದಿ ನೀರನ್ನು ಬೇಗ ಹೀರುತ್ತದೆ. ಆ ತುದಿ ಕಾಂಕ್ರೀಟ್ ಮೇಲೆ ಹಾಗೇ ಕೂತರೆ ಕೆಳಗೆ ನಿಂತ ನೀರೆಲ್ಲ ಮೇಲೇರುತ್ತದೆ. ಆದ್ದರಿಂದ ಕಂಬ ಉಕ್ಕಿನ ಪಾದದ ಮೇಲೆ ನಿಲ್ಲಲಿ, ಕೆಳಗೆ ಗಾಳಿ ಆಡುವ ಸಂದು ಕಾಣಲಿ, ಮಣ್ಣಿನಿಂದ ಒಂದು ಅಡಿಯಾದರೂ ಮೇಲಿರಲಿ, ಏಕೆಂದರೆ ಸೂರಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಅಷ್ಟು ಎತ್ತರಕ್ಕೆ ಚಿಮ್ಮುತ್ತದೆ. ಸೂರು ಅಗಲವಾಗಿ ಹೊರಚಾಚಿರಲಿ. ಮಾಡು ಇಳಿಜಾರಿರಲಿ, ಸಮತಟ್ಟು ಬೇಡ. ಮಾಡಿನ ನೀರನ್ನು ಹಿಡಿದು ಹರಿಸುವ ದೋಣಿ ಕಟ್ಟಡದ ಹೊರಗಡೆಯೇ ಇರಲಿ, ಎರಡು ಮಾಡುಗಳ ನಡುವೆ ಸಿಕ್ಕಿಸಿದ ದೋಣಿ ಎಲೆ ಕಟ್ಟಿಕೊಂಡು ಒಳಗೆ ಸೋರುತ್ತದೆ. ಶೌಚಾಲಯಗಳನ್ನು ಇಟ್ಟಿಗೆ-ಕಾಂಕ್ರೀಟಿನಲ್ಲಿ ಪ್ರತ್ಯೇಕವಾಗಿ ಕಟ್ಟಿ, ಇದರಲ್ಲಿ ಹಟ ಬೇಡ. ಮರದ ನೆಲದ ಮೇಲೆ ದಿನವೂ ನೀರು ಚೆಲ್ಲುವ ಕೋಣೆ ಯಾಕೆ?

ಗೆದ್ದಲು ಬೆಳಕು ಬಯಸುವುದಿಲ್ಲ, ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೆ ಬರುತ್ತದೆ. ಆ ಕೊಳವೆ ನಮ್ಮ ಕಣ್ಣಿಗೆ ಬಿದ್ದರೆ ಅರ್ಧ ಗೆದ್ದ ಹಾಗೆ. ಹಾಗಾಗಿ ಕಟ್ಟಡದ ಸುತ್ತ ಪಾಯದ ಅಂಚು ಬರಿದಾಗಿ ಕಾಣುತ್ತಿರಬೇಕು. ಗೋಡೆಗೆ ತಾಗಿಸಿ ಹೂವಿನ ಪಾತಿ, ಮಣ್ಣಿನ ರಾಶಿ, ಹಳೆಯ ಬೆಂಚು ಯಾವುದೂ ಬೇಡ. ಪೈಪ್ ನೆಲ ದಾಟುವ ಕಡೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿಸಿ. ಬೋರೇಟ್ (ಬೋರಾನ್ ಲವಣ) ಲೇಪನ ಗೆದ್ದಲಿಗೂ ಹುಳಕ್ಕೂ ಒಳ್ಳೆಯದು, ಆದರೆ ಮಳೆಗೆ ತೊಳೆದುಹೋಗುತ್ತದೆ, ನೆನೆಯದ ಭಾಗಕ್ಕೆ ಮಾತ್ರ ಬಳಸಿ. ಹೊರಗೆ ಬಿಸಿಲು ಮಳೆಗೆ ಸಿಗುವ ಹಲಗೆಗೆ ಚೇಗು, ಅಂದರೆ ನಡುವಿನ ಗಟ್ಟಿ ತಿರುಳು, ಇರುವ ಮರ ಆರಿಸಿ, ಹಿಂದೆ 20-25 ಮಿಲಿಮೀಟರ್ ಗಾಳಿಸಂದು ಬಿಡಿ, ಸ್ಕ್ರೂನಿಂದ ಬಿಗಿಯಿರಿ. ಕೆಲವೇ ವರ್ಷದಲ್ಲಿ ಅದು ಬೂದುಬಣ್ಣಕ್ಕೆ ತಿರುಗುತ್ತದೆ, ಬಿಸಿಲಿನಿಂದ ಆಗುವುದು, ಕೊಳೆತವಲ್ಲ. ಅದನ್ನು ಮುಚ್ಚಲು ದಪ್ಪ ಪೇಂಟ್ ಹೊಡೆಸಿ ತೇವವನ್ನು ಒಳಗೇ ಕೂಡಿಹಾಕಬೇಡಿ.

ಕಟ್ಟುವಾಗಲೂ ಮರ ನೆನೆಯುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಬೋರ್ಡ್ ಹಾಕಿ ಮುಚ್ಚುವ ಮುಂಚೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಲು ಹೇಳಿ, ಅಂಕಿಯನ್ನು ಬರೆದಿಡಿ.

ಪ್ರಶ್ನೆ: ಮರ ಕಡಿದು ಪರಿಸರ ಉಳಿಸುತ್ತೇವೆ ಅನ್ನುವುದು ನನಗೆ ಅರ್ಥವಾಗುತ್ತಿಲ್ಲ.

ಉತ್ತರ: ಎಲ್ಲ ಮರಕ್ಕೂ ಆ ಮಾತು ಅನ್ವಯಿಸುವುದಿಲ್ಲ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಒಂದು ಘನ ಮೀಟರ್ ಪೈನ್ ಮರ ಗಾಳಿಯಿಂದ ಹೀರಿದ ಸುಮಾರು 800 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಇಂಗಾಲವನ್ನು ಹಿಡಿದಿಟ್ಟಿರುತ್ತದೆ. ಇನ್ನೊಂದು ಕಡೆ ಜಗತ್ತಿನ ಕಾರ್ಬನ್ ಡೈಆಕ್ಸೈಡ್ ಹೊಗೆಯಲ್ಲಿ ಶೇ. 7-8ರಷ್ಟು ಸಿಮೆಂಟ್ ತಯಾರಿಕೆಯದ್ದೇ. ಲೆಕ್ಕ ಚೆನ್ನಾಗಿದೆ. ಆದರೆ ಕಡಿದ ಕಡೆ ಮತ್ತೆ ಕಾಡು ಬೆಳೆಯಬೇಕು, ಕಟ್ಟಡ ಬಹಳ ವರ್ಷ ನಿಲ್ಲಬೇಕು, ಬಿಚ್ಚಿದ ಮೇಲೆ ಮರವನ್ನು ಇನ್ನೊಂದು ಕಡೆ ಬಳಸಬೇಕು. ಹಾಗಾಗದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಕಾಡನ್ನು ಹಾಳುಮಾಡದೆ ತಂದ ಮರ ಅಂತ ಹೇಳುವ ಪ್ರಮಾಣಪತ್ರ ಕೇಳಿ, 1993ರಲ್ಲಿ ಶುರುವಾದ ಎಫ್‌ಎಸ್‌ಸಿ ಸಂಸ್ಥೆಯದ್ದರ ತರಹದ್ದು. ಎಲ್ಲಿಂದ ಬಂದ ಮರ ಅಂತ ಮಾರುವವರು ಹೇಳದಿದ್ದರೆ ಆ ಮರ ಬೇಡ. ಗಟ್ಟಿಯಾದ ಹಳೆ ಕಟ್ಟಡವನ್ನು ಉಳಿಸಿಕೊಳ್ಳಿ ಅಂತ ಮೊದಲ ಪ್ರಶ್ನೆಗೆ ಹೇಳಿದ್ದಕ್ಕೂ ಇದೇ ಕಾರಣ.

ಪ್ರಶ್ನೆ: ಮರದ ಕಟ್ಟಡ ತಂಪಾಗಿರುತ್ತದೆ ಅಂತಾರೆ, ನಿಜವಾ?

ಉತ್ತರ: ತಾನಾಗಿ ಅಲ್ಲ. ಮರ ಕಾವನ್ನು ನಿಧಾನವಾಗಿ ದಾಟಿಸುತ್ತದೆ, ಒಳ್ಳೆಯದೇ. ಆದರೆ ಕಲ್ಲು, ಕಾಂಕ್ರೀಟಿನ ಹಾಗೆ ಹಗಲಿನ ಕಾವನ್ನು ಹೀರಿ ಇಟ್ಟುಕೊಳ್ಳುವ ಶಕ್ತಿ ಕಡಿಮೆ. ಕಿಟಕಿಯಿಂದ ಬಿಸಿಲು ಬಿದ್ದರೆ ಒಳಗೆ ಬೇಗ ಸೆಖೆ ಏರುತ್ತದೆ. ಮಾಡಿನಲ್ಲಿ ದಪ್ಪ ಇನ್ಸುಲೇಷನ್, ಅಗಲ ಸೂರು, ಎದುರುಬದುರು ಕಿಟಕಿ, ಮೇಲೆ ಬಿಸಿಗಾಳಿ ಹೋಗುವ ಎತ್ತರದ ಕಿಟಕಿ, ಇವು ಇರಲೇಬೇಕು. ಗಾಳಿಗೆ ಇನ್ನೊಂದು ಕಾರಣವೂ ಇದೆ. ಹೊರಗಿನ ಗಾಳಿಯಲ್ಲಿ ಈಗ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420 ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಕಿಟಕಿ ಮುಚ್ಚಿದ ತುಂಬಿದ ತರಗತಿಯಲ್ಲಿ ಒಂದು ಪೀರಿಯಡ್ ಮುಗಿಯುವ ಮುಂಚೆ ಅದು 1,000 ದಾಟುತ್ತದೆ, ಮಕ್ಕಳು ತೂಕಡಿಸುತ್ತಾರೆ. ಅಳೆಯುವ ಚಿಕ್ಕ ಮೀಟರ್ ಒಂದನ್ನು ತರಗತಿಯಲ್ಲಿಟ್ಟು ಮಕ್ಕಳಿಗೇ ಗ್ರಾಫ್ ಬರೆಯಲು ಕೊಡಿ, ವಿಜ್ಞಾನದ ಪಾಠವೂ ಆಯಿತು.

ಪ್ರಶ್ನೆ: ಶಾಲೆ ನಡೆಯುತ್ತಿರುವಾಗಲೇ ಕಟ್ಟಬೇಕು. ಮುಖ್ಯ ಶಿಕ್ಷಕಿಯಾಗಿ ನನಗೆ ಇದೇ ದೊಡ್ಡ ಚಿಂತೆ.

ಉತ್ತರ: ಮರ ಇಲ್ಲಿ ನಿಜಕ್ಕೂ ನಿಮ್ಮ ಪರ. ತೊಲೆ, ಫಲಕಗಳು ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ ಬರುತ್ತವೆ. ಆವರಣದಲ್ಲಿ ಜೋಡಿಸುವ ಕೆಲಸ ಮಾತ್ರ, ಜಲ್ಲಿ-ಮರಳಿನ ರಾಶಿ, ಮಿಕ್ಸರ್ ಸದ್ದು ಪಾಯದ ಹಂತಕ್ಕೆ ಮುಗಿಯುತ್ತದೆ. ಖಾಲಿ ಜಾಗದಲ್ಲಿ ಮೊದಲ ಕಟ್ಟಡ ಎಬ್ಬಿಸಿ, ಅಲ್ಲಿಗೆ ಒಂದಿಷ್ಟು ತರಗತಿಗಳನ್ನು ಕಳಿಸಿ, ತೆರವಾದ ಹಳೆ ಸಾಲನ್ನು ಎತ್ತಿಕೊಳ್ಳಿ, ಹೀಗೆ ಒಂದಾದ ಮೇಲೊಂದು. ತಾತ್ಕಾಲಿಕ ಶೆಡ್ ಹಾಕುವ ದುಡ್ಡು ಉಳಿಯುತ್ತದೆ. ಕ್ರೇನ್ ಕೆಲಸವನ್ನು ರಜೆಗೆ ಇಟ್ಟುಕೊಳ್ಳಿ. ಲಾರಿಗಳ ಗೇಟೂ ಮಕ್ಕಳ ಗೇಟೂ ಬೇರೆ ಇರಲಿ, ಇದರಲ್ಲಿ ರಾಜಿ ಬೇಡ.

ಕಷ್ಟವೂ ಇದೆ. ಕಾರ್ಖಾನೆಗೆ ನಕ್ಷೆ ಹೋಗುವ ಮುಂಚೆಯೇ ಪ್ರತಿ ಪೈಪು, ಪ್ರತಿ ವೈರಿನ ತೂತು ಎಲ್ಲಿ ಅಂತ ತೀರ್ಮಾನವಾಗಿರಬೇಕು. ಕಟ್ಟುವಾಗ ನೋಡಿಕೊಳ್ಳೋಣ ಅನ್ನುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ತೊಲೆಗೆ ಆಮೇಲೆ ತೂತು ಕೊರೆಯಲು ಬಿಡಲೇಬಾರದು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಆರ್ಡರ್ ಮಾಡುವ ಮುಂಚೆ ಒಂದೇ ಒಂದು ತರಗತಿಯನ್ನು ಪೂರ್ತಿ ಕಟ್ಟಿಸಿ. ಒಂದು ಟರ್ಮ್ ಅಲ್ಲಿ ಪಾಠ ನಡೆಯಲಿ. ಕಪ್ಪುಹಲಗೆ ಮೇಲೆ ಬೆಳಕು ಹೊಳೆಯುತ್ತದಾ, ಚೀಲ ಎಲ್ಲಿಡಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಕಿಟಕಿಯ ಚಿಲಕ ಚಿಕ್ಕವರಿಗೆ ಎಟಕುತ್ತದಾ, ಎಲ್ಲವೂ ಆಗ ಗೊತ್ತಾಗುತ್ತದೆ. ತಿದ್ದಿ, ಆಮೇಲೆ ಉಳಿದದ್ದಕ್ಕೆ ಹೇಳಿ.

ಪ್ರಶ್ನೆ: ನಾನು ಎಂಟನೇ ತರಗತಿ. ನಮ್ಮ ಶಾಲೆಯನ್ನು ಹೊಸದಾಗಿ ಕಟ್ಟುತ್ತಾರಂತೆ. ಒಬ್ಬಳೇ ಕೂತು ಓದಲು ಒಂದು ಜಾಗ ಬೇಕು ಅಂತ ಹೇಳಿದರೆ ತಪ್ಪಾಗುತ್ತದಾ?

ಉತ್ತರ: ತಪ್ಪೇನಿಲ್ಲ ಪುಟ್ಟಿ, ಖಂಡಿತ ಹೇಳು, ಬರೆದೂ ಕೊಡು. ನೀನು ಕೇಳಿದ್ದಕ್ಕೆ ಜಾಸ್ತಿ ಖರ್ಚೂ ಇಲ್ಲ. ಕಿಟಕಿಯ ಕೆಳಗಿನ ಹಲಗೆಯನ್ನು ನೆಲದಿಂದ 40-45 ಸೆಂಟಿಮೀಟರ್ ಎತ್ತರದಲ್ಲಿ, 50 ಸೆಂಟಿಮೀಟರ್ ಅಗಲ ಮಾಡಿದರೆ ಅದೇ ಕೂರುವ ಜಾಗ. ಗೋಡೆ ದಪ್ಪ ಇಲ್ಲದಿದ್ದರೆ ಹಲಗೆಯನ್ನು ಒಳಗೆ ಚಾಚಬಹುದು, ಅಡಿಯಲ್ಲಿ ಚೀಲ ಇಡಲು ಗೂಡು ಸಿಗುತ್ತದೆ. ಮಹಡಿಯಲ್ಲಾದರೆ ಕಿಟಕಿಗೆ ಗಟ್ಟಿ ಸರಳು ಇರಲೇಬೇಕು, ಅದನ್ನೂ ಸೇರಿಸಿ ಬರೆ. ಟೀಚರ್‌ಗೆ ಕಾಣುವ ಹಾಗಿರಲಿ, ಆದರೆ ನಡುದಾರಿಯಲ್ಲಿ ಬೇಡ. ನಿನ್ನ ಗೆಳತಿಯರನ್ನೂ ಕೇಳಿ, ಎಲ್ಲೆಲ್ಲಿ ಬೇಕು ಅಂತ ನಕ್ಷೆಯಲ್ಲಿ ಗುರುತು ಮಾಡಿ ಮುಖ್ಯ ಶಿಕ್ಷಕರಿಗೆ ಕೊಡು.

ಪ್ರಶ್ನೆ: ಕಟ್ಟಡ ಮುಗಿಯುತ್ತಾ ಬಂದಿದೆ. ಗುತ್ತಿಗೆದಾರರಿಂದ ಏನೇನು ಬರೆಸಿಕೊಳ್ಳಬೇಕು?

ಉತ್ತರ: ಮೊದಲು, ನಿಜವಾಗಿ ಕಟ್ಟಿದ ಹಾಗಿನ ನಕ್ಷೆಗಳು, ಮೊದಲು ಅಂದುಕೊಂಡಿದ್ದವಲ್ಲ. ಅದರಲ್ಲಿ ಪಾರ್ಟಿಷನ್ ನಿಲ್ಲಿಸಬಹುದಾದ ಸಾಲುಗಳು ಒಂದು ಬಣ್ಣದಲ್ಲಿ, ಎಂದೂ ಮುಟ್ಟಬಾರದ ಕಂಬ, ತೊಲೆ, ಗೋಡೆಗಳು ಇನ್ನೊಂದು ಬಣ್ಣದಲ್ಲಿ ಇರಬೇಕು. ಇಪ್ಪತ್ತು ವರ್ಷದ ನಂತರ ಬರುವ ಮುಖ್ಯ ಶಿಕ್ಷಕರಿಗೆ ನಿಮ್ಮ ನೆನಪು ಸಿಗುವುದಿಲ್ಲ, ನಕ್ಷೆ ಸಿಗಬೇಕು. ಯಾವ ಮರ, ಯಾವ ಅಂಟು, ಯಾವ ಲೇಪನ ಅನ್ನುವ ವಿವರ, ಬೆಂಕಿ ಪರೀಕ್ಷೆಯ ವರದಿ, ಮುಚ್ಚುವ ಮುಂಚೆ ಅಳೆದ ತೇವದ ಅಂಕಿಗಳು, ಹೊರಗೋಡೆಯ ಹಲಗೆಗಳು ಒಂದಿಷ್ಟು ಹೆಚ್ಚುವರಿ, ಒಂದು ತೇವದ ಮೀಟರ್. ನಿಮ್ಮ ಶಾಲೆಯ ನಿರ್ವಹಣೆ ನೋಡಿಕೊಳ್ಳುವವರಿಗೆ ಒಂದು ದಿನದ ತರಬೇತಿಯೂ ಸೇರಲಿ: ದೋಣಿ ಸ್ವಚ್ಛ ಮಾಡುವುದು, ಪಾಯದ ಅಂಚಿನಲ್ಲಿ ಗೆದ್ದಲಿನ ಕೊಳವೆ ಹುಡುಕುವುದು, ಬೋಲ್ಟ್ ಬಿಗಿಯುವುದು. ಅದೇ ದಿನ ಗುತ್ತಿಗೆದಾರರ ಬಡಗಿಗಳು ಒಂದು ಪಾರ್ಟಿಷನ್ ಬಿಚ್ಚಿ ಪಕ್ಕದ ಸಾಲಿಗೆ ನಿಲ್ಲಿಸಿ ತೋರಿಸಲಿ. ಅವರಿಂದ ಅದು ಆಗದಿದ್ದರೆ ಮುಂದೆ ಯಾರಿಂದಲೂ ಆಗುವುದಿಲ್ಲ. ಇದೆಲ್ಲ ಕೈಗೆ ಬರುವ ತನಕ ಕೊನೆಯ ಬಿಲ್ ಪಾಸು ಮಾಡಬೇಡಿ.